ಅಲೆಯೇರುವ ಹಲಗೆಯ ಅಳತೆ



ನಮ್ಮ ಪಡುಗಡಲ ತೀರದ ಮಕ್ಕಳ ಬಾಯಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಆಟದ ಹೆಸರು ಕೇಳಿಬರುತ್ತಿದೆ. ಅದು ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ದಡಕ್ಕೆ ಬರುವ ಆಟ. ಮಂಗಳೂರಿನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಮೂಲ್ಕಿಯಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲೇ ಮಂತ್ರ ಸರ್ಫ್ ಕ್ಲಬ್ ಇದನ್ನು ಕಲಿಸಲು ತೊಡಗಿತು. 2016ರಲ್ಲಿ ಮೂಲ್ಕಿಗೆ ಹತ್ತಿರದ ಸಸಿಹಿತ್ಲು ಕಡಲ ತೀರದಲ್ಲಿ ಇಂಡಿಯನ್ ಓಪನ್ ಎಂಬ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆಯಿತು. ಇದರ ಜೊತೆಗೆ ದೊಡ್ಡ ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಕೈಟ್‌ಬೋರ್ಡಿಂಗ್ ಎಂಬ ಆಟವೂ ಗೋವೆಯ ಮೋರ್ಜಿಮ್ ಮತ್ತು ತಮಿಳುನಾಡಿನ ರಾಮೇಶ್ವರದ ಕಡೆ ಬೇರೂರಿದೆ.

ಮಗನೋ ಮಗಳೋ ಇಂಥ ಆಟ ಕಲಿಯುತ್ತೇನೆ ಎಂದಾಗ ಹೆತ್ತವರ ಮೊದಲ ಪ್ರಶ್ನೆ, ‘ಅಪಾಯವಿಲ್ಲವಷ್ಟೆ?’ ಎಂಬುದು. ಎರಡನೆಯದು, ‘ಹಲಗೆಗೆ ಎಷ್ಟು ಹಣ?’ ಆದರೆ ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ, ‘ಎಷ್ಟು ದೊಡ್ಡ ಹಲಗೆ?’ ಎಂಬುದು. ಮೊದಲೆರಡು ಪ್ರಶ್ನೆಗಳ ಉತ್ತರವೂ ಬಹುಮಟ್ಟಿಗೆ ಇದರಲ್ಲೇ ಅಡಗಿದೆ. ಅಳತೆ ತಪ್ಪಿದರೆ ಹಣವೂ ಹೋಗುತ್ತದೆ, ಪೆಟ್ಟೂ ಆಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಚಿಕ್ಕ ಹಲಗೆಯ ಮೇಲಿಂದ ಇಪ್ಪತ್ತು ಸಲ ಬಿದ್ದ ಹುಡುಗ ‘ಇದು ನನ್ನಿಂದಾಗದು’ ಎಂದುಕೊಂಡು ದಡಕ್ಕೆ ಬಂದುಬಿಡುತ್ತಾನೆ. ಸೋತದ್ದು ಹಲಗೆ, ಹೆಸರು ಕೆಟ್ಟದ್ದು ಹುಡುಗನದು. ಆದುದರಿಂದ ಇಂದು ಹಲಗೆಯ ಅಳತೆಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹತ್ತಿರ ಒಂದು ಪೆನ್ಸಿಲು, ಕಾಗದ ಇದ್ದರೆ ಒಳ್ಳೆಯದು.

ಮೊದಲು ಒಂದು ಹಳೆಯ ಸಂಗತಿ. ಈ ಆಟದ ತವರು ಶಾಂತಸಾಗರದ ಹವಾಯಿ ದ್ವೀಪಗಳು. ಅಲ್ಲಿ ಜನಸಾಮಾನ್ಯರು ಅಲಾಯಾ ಎಂಬ ತೆಳ್ಳನೆಯ ಮರದ ಹಲಗೆಯಲ್ಲಿ ಅಲೆಯೇರುತ್ತಿದ್ದರು. ಓಲೋ ಎಂಬ 14 ಅಡಿಗೂ ಮೀರಿದ ಉದ್ದದ ಹಲಗೆ ಮಾತ್ರ ಅರಸುಮನೆತನದವರಿಗೆ ಮೀಸಲು. ಪಾಕಿ ಎಂಬ ನಾಯಕನ ಅಂಥ ಹಲಗೆಯೊಂದು ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಅಂದು ದೊಡ್ಡ ಹಲಗೆಯೇ ದೊಡ್ಡಸ್ತಿಕೆ. ಇಂದು ಆ ಮಾತು ತಿರುಗಿಬಿದ್ದಿದೆ. ಟೀವಿಯಲ್ಲಿ ಕಾಣುವ ವೀರರೆಲ್ಲ ಆರಡಿಗಿಂತ ಚಿಕ್ಕ, ಚೂಪು ಮೂತಿಯ ಹಲಗೆಯಲ್ಲಿ ಸರ್ರನೆ ತಿರುಗುತ್ತಾರೆ. ಅದನ್ನು ನೋಡಿದ ನಮ್ಮ ಮಕ್ಕಳೂ ಅದನ್ನೇ ಬೇಡುತ್ತಾರೆ. ದೊಡ್ಡ ಹಲಗೆ ಹಿಡಿದು ನಿಲ್ಲಲು ನಾಚಿಕೆ ಪಡುತ್ತಾರೆ.

ಈ ನಾಚಿಕೆಗೆ ಕಾರಣವಿಲ್ಲ. ಹವಾಯಿಯ ಡ್ಯೂಕ್ ಕಹಾನಮೋಕು 1912 ಮತ್ತು 1920ರ ಒಲಿಂಪಿಕ್ಸ್‌ಗಳಲ್ಲಿ ನೂರು ಮೀಟರ್ ಈಜಿನ ಚಿನ್ನದ ಪದಕ ಗೆದ್ದವರು. ಅವರು 1914ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಅಲ್ಲಿಯೇ ಸಿಕ್ಕ ಪೈನ್ ಮರವನ್ನು ಕೆತ್ತಿ ಹಲಗೆ ಮಾಡಿಕೊಂಡು, ಸಿಡ್ನಿ ಬಳಿಯ ಫ್ರೆಶ್‌ವಾಟರ್ ತೀರದಲ್ಲಿ ಅಲೆಯೇರಿ ತೋರಿಸಿದರು. ಆ ಹಲಗೆಯ ಉದ್ದ ಸುಮಾರು ಎಂಟೂವರೆ ಅಡಿ. ಜಗತ್ತಿಗೆ ಈ ಆಟ ಕಲಿಸಿದವರೇ ಎಂಟೂವರೆ ಅಡಿಯ ಹಲಗೆಯಲ್ಲಿ ನಿಂತಿದ್ದರೆ ನಮ್ಮ ಹುಡುಗರು ನಾಚಿಕೊಳ್ಳಬೇಕಾದ್ದೇನಿದೆ?

ಹಲಗೆ ಚಿಕ್ಕದಾದ ಬಗೆಯನ್ನೂ ತಿಳಿದುಕೊಳ್ಳಿ. ಮರದ ಹಲಗೆ ಬಹಳ ಭಾರ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಹೋಬಿ ಆಲ್ಟರ್ ಮತ್ತು ಗೋರ್ಡನ್ ಕ್ಲಾರ್ಕ್ ಎಂಬವರು ಪಾಲಿಯುರೆಥೇನ್ ಎಂಬ ನೊರೆಗಟ್ಟಿದ ಪ್ಲಾಸ್ಟಿಕಿಗೆ ಗಾಜಿನ ನಾರನ್ನು ಹೊದಿಸಿ ಹಗುರವಾದ ಹಲಗೆ ಮಾಡುವ ಕ್ರಮವನ್ನು ರೂಢಿಗೆ ತಂದರು. 1960ರ ದಶಕದ ಕೊನೆಯ ಎರಡು ಮೂರು ವರ್ಷಗಳಲ್ಲಿ ಒಂಬತ್ತು ಹತ್ತು ಅಡಿಯ ಹಲಗೆ ಏಳು ಅಡಿಗೆ ಇಳಿಯಿತು. 1981ರಲ್ಲಿ ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ ಹಲಗೆಯ ಅಡಿಗೆ ಮೂರು ರೆಕ್ಕೆ ಜೋಡಿಸಿ ಸ್ಪರ್ಧೆಗಳನ್ನು ಗೆದ್ದರು. ಇಂದಿನ ಚಿಕ್ಕ ಹಲಗೆಗಳಲ್ಲಿ ಹೆಚ್ಚಿನವು ಅದೇ ಜಾತಿಯವು. ಅಲ್ಲಿನ ಎತ್ತರದ, ಗಟ್ಟಿಯಾದ ಅಲೆಗಳಲ್ಲಿ ವರ್ಷಗಟ್ಟಲೆ ಪಳಗಿದವರ ಕೈಯಲ್ಲಿ ಹಲಗೆ ಹೀಗೆ ಕಿರಿದಾಯಿತು. ಹೊಸದಾಗಿ ಕಲಿಯುವವರಿಗಾಗಿ ಅದನ್ನು ಯಾರೂ ಕಿರಿದು ಮಾಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಲಗೆಯ ಮೇಲೆ ಸಾಮಾನ್ಯವಾಗಿ ಮೂರು ಅಳತೆ ಬರೆದಿರುತ್ತದೆ: ಉದ್ದ, ಅಗಲ, ದಪ್ಪ. ಉದ್ದ ಅಡಿ ಇಂಚಿನಲ್ಲಿ, ಉಳಿದೆರಡು ಇಂಚಿನಲ್ಲಿ. ಈಗಿನ ಹಲಗೆಗಳಲ್ಲಿ ನಾಲ್ಕನೆಯದಾಗಿ ಲೀಟರಿನ ಲೆಕ್ಕವೂ ಇರುತ್ತದೆ. ಹಲಗೆಯಲ್ಲಿ ಲೀಟರ್ ಎಲ್ಲಿಂದ ಬಂತು ಎಂದು ಆಶ್ಚರ್ಯವೇ? ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ತತ್ತ್ವವನ್ನು ನೆನಪು ಮಾಡಿಕೊಳ್ಳಿ. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ಭಾರದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಒಂದು ಲೀಟರ್ ಸಿಹಿನೀರಿನ ತೂಕ ಒಂದು ಕಿಲೋ. ಕಡಲನೀರು ಉಪ್ಪಾದ್ದರಿಂದ ಒಂದು ಕಿಲೋ ಮೇಲೆ ಸುಮಾರು 25 ಗ್ರಾಂ. ಆದ್ದರಿಂದ 60 ಲೀಟರಿನ ಹಲಗೆಯನ್ನು ಪೂರ್ತಿ ಮುಳುಗಿಸಿದರೆ ಕಡಲು ಅದನ್ನು ಸುಮಾರು 61 ಕಿಲೋ ಬಲದಿಂದ ಎತ್ತುತ್ತದೆ. ಹಲಗೆಯ ಸ್ವಂತ ತೂಕ ಕಳೆದು ಉಳಿದದ್ದು ನಿಮಗೆ ಸಿಗುವ ಆಸರೆ.

ಲೀಟರ್ ಬರೆದಿರದ ಹಳೆಯ ಹಲಗೆಗೂ ಅಂದಾಜು ಲೆಕ್ಕ ಹಾಕಬಹುದು. ಒಂದು ಇಂಚೆಂದರೆ 2.54 ಸೆಂಟಿಮೀಟರ್. ಮೂರು ಅಳತೆಗಳನ್ನೂ ಸೆಂಟಿಮೀಟರಿಗೆ ತಿರುಗಿಸಿ, ಗುಣಿಸಿ, ಸಾವಿರದಿಂದ ಭಾಗಿಸಿ. ಆಗ ಪೆಟ್ಟಿಗೆಯಾಕಾರದ ಲೀಟರ್ ಸಿಗುತ್ತದೆ. ಹಲಗೆಯ ಮೂತಿ, ಬಾಲ, ಅಂಚು ಎಲ್ಲವೂ ಸವೆದಿರುವುದರಿಂದ ಚೂಪು ಮೂತಿಯ ಚಿಕ್ಕ ಹಲಗೆಗೆ ಅದರ ಅರ್ಧಕ್ಕೆ ಸ್ವಲ್ಪ ಮೇಲೆ, ದುಂಡು ಮೂತಿಯ ದೊಡ್ಡ ಹಲಗೆಗೆ ಐದರಲ್ಲಿ ಮೂರು ಪಾಲು ಎಂದು ಹಿಡಿಯಿರಿ. ಉದಾಹರಣೆಗೆ, 6 ಅಡಿ ಉದ್ದ, 19 ಇಂಚು ಅಗಲ, ಎರಡೂವರೆ ಇಂಚು ದಪ್ಪದ ಹಲಗೆಗೆ ಗುಣಲಬ್ಧ 56 ಲೀಟರ್. ಅದರ ಅರ್ಧಕ್ಕೆ ಸ್ವಲ್ಪ ಮೇಲೆಂದರೆ ಸುಮಾರು 30. ಅದೇ 8 ಅಡಿ ಉದ್ದ, 22 ಇಂಚು ಅಗಲ, 3 ಇಂಚು ದಪ್ಪದ ದುಂಡು ಹಲಗೆಗೆ ಗುಣಲಬ್ಧ ಸುಮಾರು 104. ಐದರಲ್ಲಿ ಮೂರು ಪಾಲೆಂದರೆ ಸುಮಾರು 62. ನೋಡಿ, ಉದ್ದದಲ್ಲಿ ಎರಡೇ ಅಡಿ ವ್ಯತ್ಯಾಸ, ಆಸರೆಯಲ್ಲಿ ಇಮ್ಮಡಿ.

ಇಲ್ಲಿ ಒಂದು ಸಂದೇಹ ಬರಬಹುದು. 60 ಕಿಲೋ ತೂಕದ ಪಳಗಿದ ಆಟಗಾರ 25 ಲೀಟರಿನ ಹಲಗೆಯ ಮೇಲೆ ಹೇಗೆ ನಿಲ್ಲುತ್ತಾನೆ? ನಿಂತ ನೀರಿನಲ್ಲಿ ಅವನೂ ನಿಲ್ಲಲಾರ, ಮುಳುಗುತ್ತಾನೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಜಾರಿಸಿ ಎಸೆಯುವ ಆಟ ನಿಮಗೆ ಗೊತ್ತು. ವೇಗವಿರುವಷ್ಟು ಹೊತ್ತು ಕಲ್ಲು ನೀರಿನ ಮೇಲೆ ಪುಟಿಯುತ್ತದೆ, ವೇಗ ತಗ್ಗಿದೊಡನೆ ತಳ ಸೇರುತ್ತದೆ. ಚಿಕ್ಕ ಹಲಗೆಯೂ ಹಾಗೆಯೇ. ಓಡುವಾಗ ವೇಗವೇ ಅದನ್ನು ಎತ್ತಿ ಹಿಡಿಯುತ್ತದೆ. ಪಳಗಿದವನು ಬಲವಾಗಿ ಕೈಹುಟ್ಟು ಹಾಕಿ, ಅಲೆ ಕಡಿದಾಗುವ ಸರಿಯಾದ ಜಾಗದಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಂತು ಆ ವೇಗ ಗಳಿಸುತ್ತಾನೆ. ಹೊಸಬನಿಗೆ ಈ ಮೂರೂ ಬಾರವು. ಅವನಿಗೆ ವೇಗ ಬರುವ ಮೊದಲೇ ಹೊತ್ತು ನಿಲ್ಲುವ ಹಲಗೆ ಬೇಕು.

ಹಾಗಾದರೆ ಯಾರಿಗೆ ಎಷ್ಟು? ಕಾಗದದಲ್ಲಿ ಬರೆದುಕೊಳ್ಳಿ. ಹೊಸದಾಗಿ ಕಲಿಯುವವರಿಗೆ, ಎಷ್ಟು ಕಿಲೋ ತೂಕವೋ ಕನಿಷ್ಠ ಅಷ್ಟು ಲೀಟರ್. ಅದರ ಮೇಲೆ ಕಾಲು ಪಾಲು ಹೆಚ್ಚಿದ್ದರೂ ಒಳ್ಳೆಯದೇ. ಅಂದರೆ 60 ಕಿಲೋದವರಿಗೆ 60ರಿಂದ 75 ಲೀಟರ್. ನೊರೆ ದಾಟಿ ಒಳಗೆ ಹೋಗಿ, ಒಡೆಯದ ಹಸಿರು ಅಲೆಯನ್ನು ತಾನೇ ಹಿಡಿದು, ಎಡಕ್ಕೂ ಬಲಕ್ಕೂ ತಿರುಗಬಲ್ಲವರಿಗೆ ತೂಕದ ಅರ್ಧಕ್ಕೆ ಸ್ವಲ್ಪ ಮೇಲೆ. ಅದೇ 60 ಕಿಲೋದವರಿಗೆ 33ರಿಂದ 40 ಲೀಟರ್. ವರ್ಷಗಟ್ಟಲೆ ದಿನವೂ ಆಡಿದವರಿಗೆ ಹತ್ತರಲ್ಲಿ ನಾಲ್ಕು ಪಾಲು ಸಾಕು, ಅಂದರೆ 24 ಲೀಟರಿನ ಆಸುಪಾಸು. ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲಿಗೆ ಒಮ್ಮೆಲೇ ಹಾರಬೇಡಿ. ನಡುವೆ ಏಳು ಏಳೂವರೆ ಅಡಿಯ ಹಲಗೆಯಲ್ಲಿ ಒಂದೆರಡು ಹಂಗಾಮು ಕಳೆಯಿರಿ. ವಯಸ್ಸಾದವರು, ಭುಜದ ಬಲ ಕಡಿಮೆ ಇರುವವರು, ವಾರಕ್ಕೊಮ್ಮೆ ಮಾತ್ರ ನೀರಿಗಿಳಿಯುವವರು ಎಲ್ಲ ಮೆಟ್ಟಿಲಿನಲ್ಲೂ ಕೆಲವು ಲೀಟರ್ ಹೆಚ್ಚೇ ಇಟ್ಟುಕೊಳ್ಳಬೇಕು.

ಉದ್ದದ ಲೆಕ್ಕವೂ ಇಷ್ಟೇ ಸರಳ. ಮೆತ್ತನೆಯ ಮೇಲ್ಮೈಯ ಕಲಿಕೆಯ ಹಲಗೆಯಲ್ಲಿ 45 ಕಿಲೋದೊಳಗಿನ ಮಕ್ಕಳಿಗೆ 6ರಿಂದ 7 ಅಡಿ, 45ರಿಂದ 65 ಕಿಲೋದವರಿಗೆ 7ರಿಂದ 8 ಅಡಿ, 65ರಿಂದ 80 ಕಿಲೋದವರಿಗೆ 8 ಅಡಿ, ಅದರ ಮೇಲಿನವರಿಗೆ ಎಂಟೂವರೆಯಿಂದ 9 ಅಡಿ. ದೊಡ್ಡದೇ ಒಳ್ಳೆಯದೆಂದು ಹತ್ತು ವರ್ಷದ ಮಗುವಿಗೆ ಒಂಬತ್ತು ಅಡಿಯದನ್ನೂ ಕೊಡಬಾರದು. ಕಂಕುಳಲ್ಲಿ ಅಪ್ಪಿ ಹಿಡಿಯಲಾಗದ, ನೊರೆ ಬಂದಾಗ ಕೈಯಿಂದ ಕಿತ್ತುಕೊಂಡು ಹೋಗುವ ಹಲಗೆ ಮಗುವಿಗೂ ಪಕ್ಕದವರಿಗೂ ಅಪಾಯ.

ಒಂದೊಂದು ಅಳತೆಯೂ ಒಂದೊಂದು ಗುಣ ಕೊಡುತ್ತದೆ. ನಮ್ಮ ತೀರದ ಮೊಗವೀರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉದ್ದನೆಯ ಕಿರಿದಾದ ಪಾತಿದೋಣಿ ನೀರು ಸೀಳಿ ಓಡುತ್ತದೆ, ಆದರೆ ಪಕ್ಕಕ್ಕೆ ವಾಲುತ್ತದೆ. ಅಗಲ ಹೊಟ್ಟೆಯ ದೋಣಿ ನಿಧಾನ, ಆದರೆ ಅದರಲ್ಲಿ ನಿಂತು ಬಲೆ ಬೀಸಬಹುದು. ಹಲಗೆಯಲ್ಲೂ ಉದ್ದವಿದ್ದರೆ ಜಾರು ಹೆಚ್ಚು. ಅಲೆ ಇನ್ನೂ ಕಡಿದಾಗುವ ಮೊದಲೇ ಅದರ ವೇಗಕ್ಕೆ ಸರಿಗಟ್ಟಿ ಹಿಡಿಯಬಹುದು. ಎದ್ದು ನಿಲ್ಲಲು ಎರಡು ಮೂರು ಸೆಕೆಂಡು ಹೆಚ್ಚು ಸಿಗುತ್ತದೆ. ಹೊಸಬನಿಗೆ ಅದೇ ದೊಡ್ಡ ಭಾಗ್ಯ. ಅಗಲವಿದ್ದರೆ ಸ್ಥಿರತೆ. ಕಲಿಯುವವರಿಗೆ 22 ಇಂಚಿಗೆ ಕಡಿಮೆ ಬೇಡ. ದಪ್ಪವಿದ್ದರೆ ತೇಲುವ ಬಲ, 3 ಇಂಚು ಇರಲಿ. ಇಷ್ಟಕ್ಕೆ ಪ್ರತಿಯಾಗಿ ಕೊಡಬೇಕಾದ ಬೆಲೆಯೆಂದರೆ, ಅಂಥ ಹಲಗೆ ಬೇಗ ತಿರುಗುವುದಿಲ್ಲ. ತಿರುಗಿಸುವ ಕಲೆ ಬಂದಮೇಲೆ ಅದನ್ನು ಚಿಂತಿಸಿದರಾಯಿತು.

ಹಲಗೆ ಸರಿಯೋ ಎಂದು ನೀರಿನಲ್ಲೇ ಪರೀಕ್ಷಿಸಬಹುದು. ಸೊಂಟದ ಮಟ್ಟದ ಶಾಂತ ನೀರಿನಲ್ಲಿ ಹಲಗೆಯ ಮೇಲೆ ಬೋರಲು ಮಲಗಿ, ಯಾರಾದರೂ ಪಕ್ಕದಿಂದ ನೋಡಲಿ. ಮೂತಿ ನೀರಿನಿಂದ ಎರಡು ಮೂರು ಬೆರಳು ಮೇಲಿದ್ದು ಹಲಗೆ ಮಟ್ಟಸವಾಗಿದ್ದರೆ ಸರಿ. ಮೂತಿ ಮುಳುಗಿದರೆ ನೀವು ಮುಂದೆ ಮಲಗಿದ್ದೀರಿ. ಮೂತಿ ಆಕಾಶ ನೋಡಿದರೆ ಹಿಂದೆ ಮಲಗಿದ್ದೀರಿ. ಎಲ್ಲಿ ಮಲಗಿದರೂ ಎದೆಯ ಸುತ್ತ ನೀರು ತುಂಬಿ ಹಲಗೆಯೇ ಕಾಣದಂತಾದರೆ ಅದು ನಿಮಗೆ ಚಿಕ್ಕದು.

ಇನ್ನು ಅಲೆ. ಯಾವ ಕಡಲಿಗೆ ಎಂಬುದನ್ನು ಬಿಟ್ಟು ಹಲಗೆಯ ಮಾತಾಡಿದರೆ ಲೆಕ್ಕ ಅರ್ಧವೇ ಆಗುತ್ತದೆ. ನಮ್ಮ ಪಡುಗಡಲಿನಲ್ಲಿ ಅಕ್ಟೋಬರಿನಿಂದ ಮೇ ವರೆಗೆ ಅಲೆ ಹೆಚ್ಚಿನ ದಿನ ಸಣ್ಣದು, ಬಲವೂ ಕಡಿಮೆ. ಸಣ್ಣ ಅಲೆ ತಳ್ಳುವುದು ಕಡಿಮೆ, ಆದ್ದರಿಂದ ಹಲಗೆ ಹೆಚ್ಚು ಹೊರಬೇಕು. ಹವಾಯಿಯ ಹತ್ತಡಿ ಅಲೆಗೆ ಸರಿಯಾದ ಚೂಪು ಹಲಗೆ ಇಲ್ಲಿನ ಎರಡಡಿ ಅಲೆಯಲ್ಲಿ ಪಳಗಿದವನನ್ನೂ ದಣಿಸುತ್ತದೆ. ಹೀಗಾಗಿ ನಮ್ಮಲ್ಲಿ ದೊಡ್ಡ ಹಲಗೆ ಕಲಿಯುವವರಿಗೆ ಮಾತ್ರವಲ್ಲ, ಕಲಿತವರಿಗೂ ಒಳ್ಳೆಯ ಸಂಗಾತಿ. ಮಳೆಗಾಲದ ಕಡಲಿಗೆ ಮಾತ್ರ ಯಾವ ಅಳತೆಯ ಹಲಗೆಯೂ ಸರಿಯಲ್ಲ. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ಆಗ ಕಲಿಯುವವರು ಮನೆಯಲ್ಲಿರುವುದೇ ವಿವೇಕ.

ಈಗ ಗಾಳಿಪಟದ ಆಟಕ್ಕೆ ಬರೋಣ. 1984ರಲ್ಲಿ ಫ್ರಾನ್ಸಿನ ಲೆಗೆನ್ಯೂ ಸಹೋದರರು, ನೀರಿಗೆ ಬಿದ್ದರೂ ಮುಳುಗದ, ಮತ್ತೆ ಮೇಲೇರಬಲ್ಲ ಗಾಳಿ ತುಂಬಿದ ಪಟಕ್ಕೆ ಪೇಟೆಂಟ್ ಪಡೆದರು. 1990ರ ದಶಕದ ಕೊನೆಯಲ್ಲಿ ಆಟ ಬೆಳೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಗಿ ಮಾರ್ಸೇಲ್ಸ್‌ನಲ್ಲಿ ನಡೆಯಿತು.

ಇಲ್ಲಿ ಹಲಗೆಯ ಲೆಕ್ಕ ಬೇರೆ. ಪಟ ಎಳೆಯುವುದರಿಂದ ವೇಗ ಮೊದಲೇ ಸಿಗುತ್ತದೆ. ಹಲಗೆ ನಿಮ್ಮನ್ನು ತೇಲಿಸಬೇಕಾಗಿಲ್ಲ, ಜಾರಿಸಿದರೆ ಸಾಕು. ಆದ್ದರಿಂದ ಲೀಟರನ್ನು ಮರೆತು ಉದ್ದ ಅಗಲ ನೋಡಬೇಕು. ಅದೂ ಸೆಂಟಿಮೀಟರಿನಲ್ಲಿ. ಎರಡೂ ತುದಿ ಒಂದೇ ಬಗೆಯಾಗಿರುವ ಸಾಮಾನ್ಯ ಹಲಗೆಯಲ್ಲಿ 55 ಕಿಲೋದೊಳಗಿನವರಿಗೆ 130ರಿಂದ 134, 55ರಿಂದ 70 ಕಿಲೋದವರಿಗೆ 135ರಿಂದ 138, 70ರಿಂದ 85 ಕಿಲೋದವರಿಗೆ 138ರಿಂದ 142, ಅದರ ಮೇಲಿನವರಿಗೆ 143ಕ್ಕೂ ಹೆಚ್ಚು. ಅಗಲ 38ರಿಂದ 44. ಕಲಿಯುವವರು ಉದ್ದಕ್ಕೆ ಐದು ಸೆಂಟಿಮೀಟರ್ ಸೇರಿಸಿಕೊಳ್ಳಲಿ. ದೊಡ್ಡ ಹಲಗೆ ಬೇಗ ನೀರಿನ ಮೇಲೆ ಬರುತ್ತದೆ, ಗಾಳಿ ಸ್ವಲ್ಪ ತಗ್ಗಿದರೂ ಕೈಬಿಡುವುದಿಲ್ಲ. ಮಂದ ಗಾಳಿಗೆಂದೇ 150 ಸೆಂಟಿಮೀಟರಿಗೂ ಉದ್ದದ ಹಲಗೆಗಳಿವೆ. ಗಾಳಿ ಜೋರಾದಾಗ ಮಾತ್ರ ದೊಡ್ಡ ಹಲಗೆ ಕುಣಿಯತೊಡಗುತ್ತದೆ, ಅಂಚನ್ನು ನೀರಿಗೆ ಒತ್ತಿ ಹಿಡಿಯುವುದು ಕಷ್ಟವಾಗುತ್ತದೆ. ಆಗ ಚಿಕ್ಕದು ಬೇಕು.

ಆದರೆ ಈ ಆಟದಲ್ಲಿ ಜೀವದ ಪ್ರಶ್ನೆ ಇರುವುದು ಪಟದ ಅಳತೆಯಲ್ಲಿ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಎಳೆತ ನಾಲ್ಕು ಪಟ್ಟಾಗುತ್ತದೆ. 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರಿನ ಗಾಳಿ 18 ನಾಟ್‌ಗೆ ಏರಿದರೂ ಎಳೆತ ಎರಡು ಪಟ್ಟಿಗಿಂತ ಹೆಚ್ಚು. 75 ಕಿಲೋದವರಿಗೆ 15ರಿಂದ 20 ನಾಟ್ ಗಾಳಿಯಲ್ಲಿ 12 ಚದರ ಮೀಟರಿನ ಪಟ, 20ರಿಂದ 25ರಲ್ಲಿ 9, ಅದಕ್ಕೂ ಮೇಲೆ 7 ಎಂಬುದು ಸಾಮಾನ್ಯ ಲೆಕ್ಕ. ಹಗುರ ಮೈಯವರಿಗೆ ಇನ್ನೂ ಚಿಕ್ಕದು. ಸರ್ಫಿಂಗಿನ ಹಲಗೆ ಆರಿಸುವಾಗ ಸಂದೇಹ ಬಂದರೆ ದೊಡ್ಡದನ್ನೇ ಆರಿಸಿ. ಪಟ ಆರಿಸುವಾಗ ಸಂದೇಹ ಬಂದರೆ ಚಿಕ್ಕದನ್ನು ಆರಿಸಿ. ಈ ಎರಡು ವಾಕ್ಯ ನೆನಪಿದ್ದರೆ ಸಾಕು.

ಎರಡು ಎಚ್ಚರಿಕೆಗಳು. ಸರ್ಫಿಂಗಿನಲ್ಲಿ ಹಲಗೆಯನ್ನು ಕಾಲಿಗೆ ಹಗ್ಗದಿಂದ ಕಟ್ಟಿಕೊಳ್ಳಲೇಬೇಕು. ಹಗ್ಗ ಹಲಗೆಯಷ್ಟೇ ಉದ್ದವಿರಲಿ. ಕೈಟ್‌ಬೋರ್ಡಿನಲ್ಲಿ ಹಾಗೆ ಕಟ್ಟಿಕೊಳ್ಳುವುದು ಅಪಾಯ. ಪಟ ನಿಮ್ಮನ್ನು ಎಳೆದಾಗ ಹಿಂದುಳಿದ ಹಲಗೆ ರಬ್ಬರಿನಂತೆ ಚಿಮ್ಮಿ ತಲೆಗೆ ಬಡಿಯುತ್ತದೆ. ಹಲಗೆ ಬಿಟ್ಟುಹೋದರೆ ಪಟದ ಎಳೆತದಲ್ಲೇ ಈಜಿ ಹೋಗಿ ಹಿಡಿಯುವುದನ್ನು ಗುರುವಿನಿಂದ ಮೊದಲು ಕಲಿಯಬೇಕು. ಇನ್ನೊಂದು, ನೆಲದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಪಟ ಹಾರಿಸಲೇಬಾರದು. ನಮ್ಮ ತೀರದಲ್ಲಿ ಬೇಸಗೆಯ ಬೆಳಗ್ಗೆ ಗಾಳಿ ನೆಲದಿಂದ ಹೊರಡುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ಬರುತ್ತದೆ. ಬೆಳಗಿನ ಹೊತ್ತು ಅಲೆಯವನದು, ಸಂಜೆ ಪಟದವನದು ಎಂದಿಟ್ಟುಕೊಳ್ಳಿ.

ಕೊನೆಗೆ ಹಣದ ಮಾತು. ಹಲಗೆಯ ಬೆಲೆ ಎಷ್ಟೋ ಮನೆಗಳ ತಿಂಗಳ ಸಂಪಾದನೆಯನ್ನು ಮೀರುತ್ತದೆ. ಇದಕ್ಕಾಗಿ ಸಾಲ ಮಾಡಬೇಡಿ. ಬದುಕಿನ ಬಹುಭಾಗ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ಹೇಳುತ್ತಿದ್ದೇನೆ, ಕಲಿಯುವ ಮೊದಲು ಕೊಂಡ ವಸ್ತು ಅಟ್ಟ ಸೇರುವುದೇ ಹೆಚ್ಚು. ಮೊದಲ ಹತ್ತಿಪ್ಪತ್ತು ದಿನ ತರಬೇತಿ ಶಾಲೆಯ ಬಾಡಿಗೆ ಹಲಗೆಯಲ್ಲೇ ಕಲಿಯಲಿ. ಎರಡು ಮೂರು ಅಳತೆಯವನ್ನು ಹತ್ತಿ ನೋಡಲಿ. ಆಮೇಲೆ ಕೊಳ್ಳುವುದಾದರೆ ಹಳೆಯದೂ ಆಗುತ್ತದೆ. ಆದರೆ ಗಾಜಿನ ನಾರು ಬಿರಿದಿದೆಯೇ, ನೀರು ಹೀರಿ ಹಳದಿಯಾಗಿ ಭಾರವಾಗಿದೆಯೇ, ರೆಕ್ಕೆಯ ಬುಡ ಅಲುಗುತ್ತದೆಯೇ ಎಂದು ನೋಡಿ. ‘ಮುಂದೆ ಬೆಳೆಯುತ್ತಾನೆ’ ಎಂದು ಮಕ್ಕಳಿಗೆ ದೊಡ್ಡ ಅಂಗಿ ಹೊಲಿಸುವಂತೆ ‘ಮುಂದೆ ಕಲಿಯುತ್ತಾನೆ’ ಎಂದು ಚಿಕ್ಕ ಹಲಗೆ ಕೊಡಿಸಬೇಡಿ. ಇಂದಿನ ತೂಕಕ್ಕೆ, ಇಂದಿನ ಕಲಿಕೆಗೆ ಕೊಡಿಸಿ.

2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಸ್ಪರ್ಧೆಯಲ್ಲಿ ರಮೇಶ್ ಬೂದಿಹಾಳ್ ಪುರುಷರ ವಿಭಾಗದ ಕಂಚಿನ ಪದಕ ಗೆದ್ದರು. ಕರ್ನಾಟಕ ಮೂಲದ ಈ ಯುವಕ ಅಲೆಯೇರಲು ಕಲಿತದ್ದು ಕೇರಳದ ಕೋವಳಂ ತೀರದಲ್ಲಿ. ಗಡಿಯಾಚೆಯ ನಮ್ಮ ಮಕ್ಕಳಿಗೂ ಅದೇ ಕಡಲಿದೆ. ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ‘ನನ್ನಿಂದಾಗದು’ ಎಂದು ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದರೆ ಗದರಿಸುವ ಮೊದಲು ಒಂದು ಮಾತು ಕೇಳಿ. ‘ಮಗು, ಹಲಗೆ ಎಷ್ಟು ಲೀಟರಿನದು?’